ಗೋಡೆಯೊಳಗಿನ ಜಾಯಿಂಟು

ಬೆಂಗಳೂರಂಚಿನ ಹೇರೋಹಳ್ಳಿಯ ಸೋಮಲಿಂಗಪ್ಪನ ಮನೆಯಲ್ಲಿ ಹಾಲ್‌ನ ದಿವಾನವನ್ನು ಒಂದು ಗೇಣು ಸರಿಸಿದರೆ ಗೋಡೆಯ ಮೇಲೆ ಪೆನ್ಸಿಲಿನ ಒಂಬತ್ತು ಗೀಟುಗಳು ಕಾಣುತ್ತಿದ್ದವು. ಒಂದೊಂದರ ಪಕ್ಕದಲ್ಲೂ ತಾರೀಖು. ಹೊಸಬರು ಯಾರಾದರೂ ನೋಡಿದರೆ ಮೊಮ್ಮಗುವಿನ ಎತ್ತರ ಅಳೆದಿದ್ದಾರೆ ಎಂದುಕೊಳ್ಳಬೇಕು. ಸೋಮಲಿಂಗಪ್ಪ ಅಳೆಯುತ್ತಿದ್ದದ್ದು ಗೋಡೆಯ ಒದ್ದೆಯನ್ನು. ನೆಲದ ಅಂಚಿನಲ್ಲಿ ಅಂಗೈಯಗಲ ಶುರುವಾದ ಒದ್ದೆ ಎರಡು ತಿಂಗಳಲ್ಲಿ ಮೊಣಕಾಲೆತ್ತರಕ್ಕೆ ಏರಿತ್ತು. ಬಣ್ಣ ಗುಳ್ಳೆಯೆದ್ದು ಉದುರುತ್ತಿತ್ತು. ನೀರು ಎಲ್ಲಿಂದ ಬರುತ್ತಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ಮಾತ್ರ ಅವನೊಬ್ಬನಿಗೆ ಗೊತ್ತಿತ್ತು. ಅದೇ ಗೋಡೆಯೊಳಗೆ, ನೆಲದಿಂದ ಸರಿಯಾಗಿ ಮೂವತ್ತೊಂದು ಇಂಚು ಮೇಲೆ, ಒಂದು ವೈರಿನ ಜಾಯಿಂಟಿತ್ತು. ಅದು ಅಲ್ಲಿ ಇರಬಾರದಾಗಿತ್ತು. ಅದನ್ನು ಹಾಕಿದವನು ಅವನೇ. ಒದ್ದೆ ಆ ಎತ್ತರ ಮುಟ್ಟಿದ ದಿನ ಗೋಡೆಗೆ ಕರೆಂಟು ಬರುತ್ತದೆ, ಆ ಗೋಡೆಯ ಆಚೆ ಬದಿಗೆ ಅವನ ಹೆಂಡತಿ ದಿನಾ ಬೆಳಿಗ್ಗೆ ಒದ್ದೆ ಕೂದಲಲ್ಲಿ ಕೂತು ಪೂಜೆ ಮಾಡುತ್ತಾಳೆ.

ಸೋಮಲಿಂಗಪ್ಪ ವೈರ್‌ಮನ್. ಹೊನ್ನಾಳಿ ಕಡೆಯಿಂದ ಇಪ್ಪತ್ತೈದನೇ ವಯಸ್ಸಿಗೆ ಬೆಂಗಳೂರಿಗೆ ಬಂದು, ಕುರುಬರಹಳ್ಳಿಯ ಒಂದು ವಠಾರದಲ್ಲಿ ಸಂಸಾರ ಹೂಡಿ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಅದೆಷ್ಟು ಮನೆಗಳಿಗೆ ವೈರು ಎಳೆದನೋ ಅವನಿಗೇ ಲೆಕ್ಕವಿಲ್ಲ. ಕೆಲಸದಲ್ಲಿ ಅವನು ಮುಂಗೋಪಿ. ಪೈಪಿನೊಳಗೆ ವೈರಿಗೆ ಜಾಯಿಂಟು ಹಾಕಿದವನನ್ನು ಅವತ್ತೇ ಮನೆಗೆ ಕಳಿಸಿಬಿಡುತ್ತಿದ್ದ. "ವೈರು ಸಾಲದಿದ್ರೆ ಹೊಸದು ಎಳೀಬೇಕು. ಗೋಡೆ ಒಳಗೆ ಗಂಟು ಹಾಕೋದು ಅಂದ್ರೆ ಹಾವನ್ನ ಇಟ್ಟು ಗಾರೆ ಮೆತ್ತಿದ ಹಾಗೆ" ಎಂಬುದು ಅವನ ಮಾತು. ಅವನ ಸಿಟ್ಟಿಗೆ ಕಾರಣವಿತ್ತು. ಕೆಲಸ ಕಲಿತ ಹೊಸತರಲ್ಲಿ ಅವನ ಜೊತೆಗಾರ ಫಕೀರೇಶ ಒಂದು ಒದ್ದೆ ಗೋಡೆಗೆ ಕೈಯೂರಿದವನು ಆ ಕೈಯನ್ನು ತೆಗೆಯಲೇ ಇಲ್ಲ. ಸೋಮಲಿಂಗಪ್ಪ ನಾಲ್ಕು ಮಾರು ದೂರದಲ್ಲಿ ನಿಂತು ನೋಡಿದ್ದ. ಆಮೇಲೆ ಬದುಕಿಡೀ ಅವನು ಹೇಳಿಕೊಂಡು ಓಡಾಡಿದ್ದು ಒಂದೇ ಹೆಮ್ಮೆಯ ಮಾತು: ನಾನು ವೈರು ಎಳೆದ ಮನೆಯಲ್ಲಿ ಒಬ್ಬರಿಗೂ ಶಾಕ್ ಹೊಡೆದಿಲ್ಲ.

ಅಂಥವನು ತನ್ನ ಸ್ವಂತ ಮನೆಯಲ್ಲೇ ಜಾಯಿಂಟು ಹಾಕಿದ. ಇಪ್ಪತ್ತೇಳು ವರ್ಷದ ಹಿಂದೆ ಗೃಹಪ್ರವೇಶದ ಹಿಂದಿನ ಸಂಜೆ ಅದು ನಡೆದದ್ದು. ಮಾರನೆಯ ದಿನ ಬೆಳಗಿನ ಐದು ಗಂಟೆಗೆ ಸ್ವಾಮಿಗಳು ಬರುವವರಿದ್ದರು, ಮೇಲಿನ ಮನೆಯಲ್ಲಿ ಪಾದಪೂಜೆ ಆಗಬೇಕಿತ್ತು, ಎರಡೂ ಕಡೆಯ ನೆಂಟರು ಆಗಲೇ ಬಸ್ಸು ಹತ್ತಿದ್ದರು. ಮೀಟರಿನಿಂದ ಮೇಲಿನ ಮನೆಗೆ ಹೋಗುವ ದಪ್ಪ ವೈರು ಒಂದು ಗೇಣು ಸಾಲದೆ ಬಂತು. ಭಾನುವಾರ, ಅಂಗಡಿಗಳು ಮುಚ್ಚಿದ್ದವು. ಗುರುಗಳು ಕತ್ತಲೆ ಮನೆಗೆ ಕಾಲಿಡುವುದು ಹೇಗೆ ಎಂದು ಹೆಂಡತಿ ಬಸವರಾಜೇಶ್ವರಿ ಕಣ್ಣಲ್ಲಿ ನೀರು ತಂದುಕೊಂಡಳು. ಸೋಮಲಿಂಗಪ್ಪ ಅತ್ತಿತ್ತ ನೋಡಿ, ಯಾರೂ ಇಲ್ಲದ ಹೊತ್ತಿಗೆ, ಎರಡು ತುಂಡು ಸೇರಿಸಿ ತಿರುಚಿ, ಐದು ಸುತ್ತು ಟೇಪು ಸುತ್ತಿ, ಪೈಪಿನೊಳಗೆ ತಳ್ಳಿ ಗಾರೆ ಮುಚ್ಚಿದ. ಗೃಹಪ್ರವೇಶ ಮುಗಿದ ಮೇಲೆ ಬಿಚ್ಚಿ ಹೊಸದು ಹಾಕುತ್ತೇನೆಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಮನೆಯೇನೋ ದೀಪದಿಂದ ಝಗಝಗಿಸಿತು. ಕೊಟ್ಟ ಮಾತು ಗೋಡೆಯೊಳಗೇ ಉಳಿಯಿತು.

ಈಗ ಅವನಿಗೆ ಅರವತ್ತೆಂಟು. ಮೇಲಿನ ಮನೆಯ ಫ್ಯೂಸು ಕಿತ್ತುಬಿಟ್ಟರೆ ಭಯ ಅಲ್ಲಿಗೇ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಮೇಲೆ ಬಾಡಿಗೆಗಿದ್ದ ಶೈಲಾ ಮನೆಯಿಂದಲೇ ಆಫೀಸು ನಡೆಸುವ ಹುಡುಗಿ, ಐದು ನಿಮಿಷ ಕರೆಂಟು ಹೋದರೆ ಇಳಿದು ಬಂದು "ಅಂಕಲ್, ಏನಾಯ್ತು?" ಎಂದು ಕೇಳುವವಳು. ಅವಳಿಗೆ ಏನು ಹೇಳುವುದು? ಹೆಂಡತಿಗೆ ಏನು ಹೇಳುವುದು? ಸೋಮಲಿಂಗಪ್ಪ ಜಾಯಿಂಟು ಹಾಕಿದ್ದಾನೆ ಎಂದು ಹೇಳಬೇಕು. ಅದನ್ನು ಹೇಳಲು ಅವನ ನಾಲಿಗೆ ಏಳಲಿಲ್ಲ. ದಿನಾ ಬೆಳಿಗ್ಗೆ ಟೇಪು ಹಿಡಿದು ಅಳೆದು, "ಇನ್ನೂ ಹನ್ನೊಂದು ಇಂಚಿದೆ" ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಸೋರಿಕೆ ಸಿಕ್ಕಿಬಿಟ್ಟರೆ ಗೋಡೆ ಒಣಗುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಹೆದರಿದ ಮನುಷ್ಯ ಮಾಡುವ ಲೆಕ್ಕಾಚಾರವೆಲ್ಲ ಹೀಗೇ ಇರುತ್ತದೆ.

ಸೋರಿಕೆ ಹುಡುಕಲು ಬಂದವನು ಪ್ಲಂಬರ್ ಮುನಿರಾಜು. ಹೇರೋಹಳ್ಳಿ ಹಳ್ಳಿಯಾಗಿದ್ದಾಗಿನ ಮನೆತನ ಅವನದು. ಸೋಮಲಿಂಗಪ್ಪನ ಸೈಟು ಒಂದು ಕಾಲಕ್ಕೆ ಅವನಪ್ಪನ ರಾಗಿ ಹೊಲದ ಬದು. ಬಂದವನು ಗೋಡೆಗೆ ಕಿವಿಯಿಟ್ಟು ಕೇಳಿದ, ಮೂಸಿ ನೋಡಿದ, ಉದುರಿದ ಗಾರೆಯನ್ನು ಬೆರಳಲ್ಲಿ ಉಜ್ಜಿದ.

"ಬಾತ್‌ರೂಮ್ ಲೈನ್ ಇರ್ಬೇಕು ಸಾರ್. ಎರಡು ದಿವಸ ಬಾತ್‌ರೂಮ್ ವಾಲ್ವ್ ಬಂದ್ ಮಾಡಿ ನೋಡೋಣ."

ಎರಡು ದಿನ ಬಕೆಟ್ಟಿನಲ್ಲಿ ನೀರು ಹೊತ್ತು ಸ್ನಾನ ಮಾಡಿದರು. ಒದ್ದೆ ಅರ್ಧ ಇಂಚು ಮೇಲೇರಿತು. ಆಮೇಲೆ ಮುನಿರಾಜು ಬಟ್ಟೆಗೆ ಹಾಕುವ ನೀಲಿ ತಂದು ಬಚ್ಚಲಿನ ತೂತಿಗೆ ಸುರಿದ. ಗೋಡೆಯಲ್ಲಿ ನೀಲಿ ಕಾಣಲಿಲ್ಲ. ನೆಲದಡಿಯ ಸಂಪಿನಲ್ಲಿ ಇಳಿದು ನೋಡಿದ, ಕಾವೇರಿ ನೀರಿನ ಪೈಪಿನ ಗುಂಟ ಅಗೆದು ನೋಡಿದ, ಎಲ್ಲ ಒಣ ಮಣ್ಣು.

"ಆಚೆ ಕಡೆ ದೇವ್ರ ಮನೆ ಅಲ್ವಾ ಸಾರ್? ಆ ಕಡೆಯಿಂದ ಸ್ವಲ್ಪ ಒಡೆದು ನೋಡ್ಲಾ?"

ಅಡುಗೆಮನೆಯಲ್ಲಿದ್ದ ಬಸವರಾಜೇಶ್ವರಿ ಇದನ್ನು ಕೇಳಿಸಿಕೊಂಡವಳೇ ಸೌಟು ಹಿಡಿದುಕೊಂಡೇ ಬಂದು ಬಾಗಿಲಿಗೆ ಅಡ್ಡ ನಿಂತಳು. "ದೇವ್ರ ಮನೆ ಗೋಡೆ ಮುಟ್ಬೇಡಪ್ಪ. ಅಲ್ಲಿ ಏನೂ ಒದ್ದೆ ಇಲ್ಲ. ಟೈಲ್ಸ್ ಹಾಕಿದೆ, ಗಟ್ಟಿಯಾಗಿದೆ."

"ಒಂದು ಸಲ ನೋಡ್ತೀನಿ ಅಕ್ಕಾ."

"ಬೇಡ ಅಂದ್ನಲ್ಲ."

ಅವಳು ಇಷ್ಟು ಬಿರುಸಾಗಿ ಮಾತಾಡಿದ್ದನ್ನು ಸೋಮಲಿಂಗಪ್ಪ ಯಾವತ್ತೂ ಕೇಳಿರಲಿಲ್ಲ. ಬೇರೆ ದಿನವಾಗಿದ್ದರೆ ಯಾಕೆಂದು ಕೇಳುತ್ತಿದ್ದನೇನೋ. ಅವತ್ತು ಒಳಗೊಳಗೇ ಅವನಿಗೆ ಹಾಯೆನಿಸಿತು. ಆ ಗೋಡೆ ಒಡೆದರೆ ಜಾಯಿಂಟು ಹೊರಗೆ ಬೀಳುತ್ತಿತ್ತು.

ಹೀಗೆ ದಿನ ಹೋದಂತೆ ಸೋಮಲಿಂಗಪ್ಪ ಸೊರಗಿದ. ತಟ್ಟೆಯ ಮುಂದೆ ಕೂತರೆ ಜೋಳದ ರೊಟ್ಟಿ ಮುರಿದು ಮುರಿದು ಹಾಗೇ ಬಿಡುತ್ತಿದ್ದ. ಮಲಗಿದರೆ ಫಕೀರೇಶನ ಕೈ ಕಾಣುತ್ತಿತ್ತು. ಹೆಂಡತಿ ಸ್ನಾನ ಮುಗಿಸಿ ದೇವರ ಮನೆಗೆ ಹೋದ ಕ್ಷಣದಿಂದ ಹೊರಗೆ ಬರುವ ತನಕ ಅವನು ಹಾಲ್‌ನಲ್ಲಿ ಪೇಪರ್ ಹಿಡಿದು ಕೂರುತ್ತಿದ್ದ, ಒಂದು ಸಾಲೂ ಓದುತ್ತಿರಲಿಲ್ಲ. ಅವಳ ಪೂಜೆಯೂ ಈಚೆಗೆ ಉದ್ದವಾಗುತ್ತಿತ್ತು. ಇಪ್ಪತ್ತು ನಿಮಿಷವಿದ್ದದ್ದು ಅರ್ಧ ಗಂಟೆಯಾಯಿತು, ನಲವತ್ತಾಯಿತು. ಒಳಗಿಂದ ಸದ್ದು ಬಾರದಿದ್ದರೆ ಅವನು ಸುಮ್ಮನೆ ಕೆಮ್ಮುತ್ತಿದ್ದ. ಅವಳೂ ಕೆಮ್ಮಿದರೆ ಜೀವ ಬಂದಂತಾಗುತ್ತಿತ್ತು.

ಒಂದು ದಿನ ಅವಳೇ ಕೇಳಿದಳು. "ರೀ, ಯಾಕೋ ತುಂಬಾ ಇಳಿದು ಹೋಗಿದೀರಿ. ಡಾಕ್ಟರ್ ಹತ್ರ ಹೋಗೋಣ್ವಾ?"

"ನನಗೇನಾಗಿದೆ? ಸುಮ್ನಿರು" ಎಂದು ಗದರಿದ. ಅವಳ ಕಣ್ಣು ಅವನ ಮುಖದ ಮೇಲೇ ಇತ್ತು.

ಮುನಿರಾಜು ಕೊನೆಯ ಉಪಾಯವೊಂದನ್ನು ಹೇಳಿದ. "ಮೇಲಿನ ಟ್ಯಾಂಕಿಗೇ ನೀಲಿ ಹಾಕಿಬಿಡ್ತೀನಿ ಸಾರ್. ಬೇಕಾದಷ್ಟು ನೀರು ಇವತ್ತೇ ಹಿಡಿದಿಟ್ಕೊಳ್ಳಿ. ನಾಳೆ ಗೋಡೆ ನೀಲಿ ಆದ್ರೆ ನೀರು ಟ್ಯಾಂಕಿಂದು. ಆಗ್ಲಿಲ್ಲ ಅಂದ್ರೆ ಅಕ್ಕಪಕ್ಕದ ಮನೇದು." ಸಂಜೆ ಅವನು ಟೆರೇಸಿಗೆ ಹತ್ತಿ ನೀಲಿ ಸುರಿದು ಹೋದ. ಬಸವರಾಜೇಶ್ವರಿ ಸ್ನಾನಕ್ಕೆ, ಪೂಜೆಗೆ, ಅಡುಗೆಗೆ ಬೇರೆ ಬೇರೆ ಕೊಡ ತುಂಬಿಟ್ಟಳು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಅವಳು ಎಂದಿನಂತೆ ಮೋಟಾರ್ ಹಾಕಿ ಸ್ನಾನಕ್ಕೆ ಹೋದಳು. ಆ ಮನೆಯಲ್ಲಿ ಮೋಟಾರ್ ನಿಲ್ಲಿಸಲು ಗಡಿಯಾರ ನೋಡುವ ಪದ್ಧತಿಯಿಲ್ಲ. ಟ್ಯಾಂಕು ತುಂಬಿ ಟೆರೇಸಿನ ಮೇಲೆ ನೀರು ಚೆಲ್ಲುವ ಸದ್ದು ಕೇಳಿದ ಮೇಲೆ ಆಫ್ ಮಾಡುವುದು. ಆ ಸದ್ದು ಬರುವ ಹೊತ್ತಿಗೆ ಅವಳು ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಿರುತ್ತಿದ್ದಳು, ನಡುವೆ ಏಳುವಂತಿಲ್ಲ. ಮೋಟಾರ್ ಅವಳ ಕೆಲಸ, ಅವನು ಅದರ ಗೊಡವೆಗೆ ಹೋದವನಲ್ಲ. ಪೂಜೆ ಮುಗಿಯುವ ತನಕ ನೀರು ಚೆಲ್ಲುತ್ತಲೇ ಇರುತ್ತಿತ್ತು.

ಅವತ್ತೂ ಮೇಲೆ ನೀರು ಚೆಲ್ಲತೊಡಗಿತು. ಸೋಮಲಿಂಗಪ್ಪ ದಿವಾನ ಸರಿಸಿ ಮಂಡಿಯೂರಿ ಕೂತು ತನ್ನ ಗೀಟುಗಳನ್ನೇ ನೋಡುತ್ತಿದ್ದ. ಐದು ನಿಮಿಷ ಏನೂ ಆಗಲಿಲ್ಲ. ನೀಲಿ ಕೆಳಗಿನಿಂದ ಬರುತ್ತದೆಂದು ಕೆಳಗೇ ನೋಡುತ್ತಿದ್ದ. ಸೊಂಟ ನೋವೆಂದು ತಲೆಯೆತ್ತಿದಾಗ ಅದು ಕಂಡಿತು. ಗೀಟುಗಳಿಗಿಂತ ಎಷ್ಟೋ ಮೇಲೆ, ಒಣಗಿದೆ ಎಂದು ತಾನು ದಿನಾ ನಂಬಿದ್ದ ಜಾಗದಲ್ಲಿ, ಬಣ್ಣದ ಸಣ್ಣ ಬಿರುಕಿನಿಂದ ನೀಲಿ ನೀರು ಜಿನುಗುತ್ತಿತ್ತು. ಅಳೆಯಲು ಟೇಪು ಬೇಕಾಗಲಿಲ್ಲ. ಮೂವತ್ತೊಂದು ಇಂಚು.

ನೀರು ಕೆಳಗಿನಿಂದ ಏರುತ್ತಿರಲಿಲ್ಲ. ಮೇಲಿನಿಂದ, ವೈರಿನ ಪೈಪಿನೊಳಗೇ ಇಳಿದು ಬಂದು, ಜಾಯಿಂಟಿನ ಹತ್ತಿರ ಸೋರಿ, ಗೋಡೆಯೊಳಗೆ ಕೆಳಗಿಳಿದು ನೆಲದಲ್ಲಿ ತಂಗಿತ್ತು. ಅವನು ಎರಡು ತಿಂಗಳಿಂದ ಅಳೆದದ್ದು ತಂಗಿದ ನೀರನ್ನು. ಜಾಯಿಂಟು ಮೊದಲ ದಿನದಿಂದಲೇ ನೀರಿನಲ್ಲಿತ್ತು.

ಎದ್ದು ದೇವರ ಮನೆಗೆ ಓಡಿದ. ಬಾಗಿಲು ಓರೆಯಾಗಿತ್ತು. ಬಸವರಾಜೇಶ್ವರಿ ಮರದ ಮಣೆಯ ಮೇಲೆ ಕೂತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ. ಬಲಗೈ ಗೋಡೆಗೆ ಬಡಿದ ಸ್ಟೀಲ್ ಸ್ಟ್ಯಾಂಡಿಗೆ ಚಾಚಿಕೊಂಡಿತ್ತು, ವಿಭೂತಿ, ಪತ್ರೆ ಇಡುವ ಸ್ಟ್ಯಾಂಡು ಅದು. ಸ್ಟ್ಯಾಂಡಿನ ಮೇಲೆ ತೂಗುಹಾಕಿದ್ದ ದೊಡ್ಡ ಬಸವಣ್ಣನ ಪಟದ ಹಿಂದಿನಿಂದ ನೀಲಿ ಗೆರೆಯೊಂದು ಇಳಿದು, ಸ್ಟ್ಯಾಂಡಿನ ಮೊಳೆ ತೋಯಿಸಿ, ಟೈಲ್ಸಿನ ಮೇಲೆ ಹರಿದಿತ್ತು. ಅವಳ ಕಣ್ಣು ಮುಚ್ಚಿತ್ತು. ಸ್ಟ್ಯಾಂಡಿನ ಅಂಚು ಹಿಡಿದ ಬೆರಳುಗಳು ಸಣ್ಣಗೆ ಅದುರುತ್ತಿದ್ದವು.

ಹಿಡಿದೆಳೆಯಬೇಕೆಂದು ಮುಂದೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡ. ಮುಟ್ಟಿದರೆ ಇಬ್ಬರೂ ಹೋಗುತ್ತೇವೆ. ಹೆಂಡತಿಯನ್ನು ಅಲ್ಲೇ ಬಿಟ್ಟು ಬೆನ್ನು ತಿರುಗಿಸಿ ಓಡಬೇಕಾಯಿತು. ಹಾಲ್, ಮೆಟ್ಟಿಲು, ಗೇಟು. ದಿನಾ ನಡೆಯುವ ಹದಿನೈದು ಹೆಜ್ಜೆ ಅವತ್ತು ಮುಗಿಯಲೇ ಇಲ್ಲ. ಮೀಟರ್ ಬೋರ್ಡಿನ ಬಾಗಿಲು ಕಿತ್ತು, ಮೇಲಿನ ಮನೆಯ ಪಿಂಗಾಣಿ ಫ್ಯೂಸನ್ನು ಬರಿಗೈಯಲ್ಲೇ ಎಳೆದ. ಫ್ಯೂಸು ಹಿಡಿದುಕೊಂಡೇ ಒಳಗೆ ಓಡಿಬಂದ. ಅವಳು ಬಿದ್ದಿರುತ್ತಾಳೆ ಎಂದೇ ಅಂದುಕೊಂಡಿದ್ದ.

ಅವಳು ಕೂತೇ ಇದ್ದಳು. ಕಣ್ಣು ತೆರೆದು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು. ಅವನನ್ನು ಕಂಡು ಮೆಲ್ಲಗೆ ಕೇಳಿದಳು, "ಯಾಕ್ರೀ, ಇವತ್ತು ಅರ್ಧಕ್ಕೇ ಹೋಗ್ಬಿಡ್ತು?"

ಸೋಮಲಿಂಗಪ್ಪ ಬಾಗಿಲಲ್ಲೇ ನಿಂತ. "ಏನು? ಏನು ಹೋಯ್ತು?"

ಅವಳು ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡಳು. ಅಷ್ಟರಲ್ಲಿ ಶೈಲಾ ಮೇಲಿನಿಂದ ಕರೆಂಟು ಹೋಯಿತೆಂದು ಕೂಗಿದಳು. ಹಿಂದೆಯೇ ಮುನಿರಾಜು ಬಂದ. ಅವನು ನೆಟ್ಟಗೆ ಟೆರೇಸಿಗೆ ಹೋಗಿ ಐದೇ ನಿಮಿಷದಲ್ಲಿ ಇಳಿದುಬಂದ.

"ಸಿಕ್ತು ಸಾರ್. ಮುಂದೆ ಇನ್ನೊಂದು ಮಹಡಿ ಕಟ್ಟಿದ್ರೆ ಅಂತ ವೈರಿಂಗ್ ಪೈಪ್ ಮೇಲಕ್ಕೆ ಬಿಟ್ಟಿದೀರಲ್ಲ, ಅದರ ಮುಚ್ಚಳ ಇಲ್ಲ. ಎರಡು ತಿಂಗಳ ಹಿಂದೆ ಇಂಟರ್ನೆಟ್‌ನವರು ಕೇಬಲ್ ಬಿಡೋಕೆ ಅಂತ ತೆಗೆದು ಹಾಗೇ ಬಿಟ್ಟು ಹೋಗಿದಾರೆ. ಟ್ಯಾಂಕ್ ತುಂಬಿ ಚೆಲ್ಲೋ ನೀರು ನೆಟ್ಟಗೆ ಅದರ ಬಾಯಿಗೇ ಬೀಳ್ತಿದೆ. ಮೋಟಾರ್ ಬೇಗ ಆಫ್ ಮಾಡಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ." ಅವನ ಪಾಲಿಗೆ ವಿಷಯ ಮುಗಿದಿತ್ತು. ಮುಚ್ಚಳ ತರುತ್ತೇನೆಂದು ಗಾಡಿ ಹತ್ತಿ ಹೋದ.

ದೇವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಸೋಮಲಿಂಗಪ್ಪ ಫ್ಯೂಸನ್ನು ಜೇಬಿಗೆ ಹಾಕಿ ಬಸವಣ್ಣನ ಪಟ ಇಳಿಸಿದ. ಹಿಂದೆ, ಟೈಲ್ಸ್ ಇಲ್ಲದ ಕಡೆ, ಗೋಡೆ ಪೂರ್ತಿ ಒದ್ದೆಯಾಗಿ ಬೂಷ್ಟು ಹಿಡಿದಿತ್ತು. ಪಟ ಅಲ್ಲಿಗೆ ಬಂದದ್ದು ಈಚೆಗೆ ಎಂಬುದು ಅವನಿಗೆ ಆಗ ಹೊಳೆಯಿತು.

"ಇದು ನಿನಗೆ ಗೊತ್ತಿತ್ತೇನೇ?"

"ಗೊತ್ತಿತ್ತು" ಎಂದಳು ಬಸವರಾಜೇಶ್ವರಿ. "ಮುನಿರಾಜು ಗೋಡೆ ಒಡೆದ್ರೆ ಅದು ನಿಂತು ಹೋಗತ್ತೆ ಅಂತ ಹೆದರಿ ಪಟ ಹಾಕ್ದೆ."

"ಯಾವುದು ನಿಂತು ಹೋಗತ್ತೆ?"

ಅವಳು ನಾಚಿಕೊಂಡಳು. ಎಂಟು ವರ್ಷದವಳಿದ್ದಾಗ ಲಿಂಗದೀಕ್ಷೆಯಾದವಳು ಒಂದು ದಿನವೂ ಪೂಜೆ ತಪ್ಪಿಸಿರಲಿಲ್ಲ. ದಾವಣಗೆರೆಯ ಅವಳಕ್ಕ, ಲಿಂಗ ನೋಡುತ್ತ ಕೂತರೆ ತನಗೆ ಮೈ ನವಿರೇಳುತ್ತದೆ, ಅಂಗೈ ಬೆಚ್ಚಗಾಗುತ್ತದೆ ಎಂದು ಹೇಳುವಾಗೆಲ್ಲ ಇವಳು ಸುಮ್ಮನೆ ಕೇಳಿಸಿಕೊಂಡು ಬಂದಿದ್ದಳು. ಇವಳಿಗೆ ಒಂದು ದಿನವೂ ಏನೂ ಆಗಿರಲಿಲ್ಲ.

"ಶ್ರಾವಣದಲ್ಲಿ ಒಂದಿನ ಪತ್ರೆ ತಗೊಳ್ಳೋಕೆ ಕೈ ಚಾಚಿದೆ. ಬೆರಳಿಂದ ಭುಜದವರೆಗೂ ಝುಮ್ ಅಂತು. ಎಡಗೈಲಿ ಲಿಂಗಯ್ಯ ಇದ್ದ. ಮಾರನೇ ದಿನಾನೂ ಬಂತು. ಯಾರಿಗೂ ಹೇಳ್ಲಿಲ್ಲ, ಹೇಳ್ಕೊಂಡ್ರೆ ಹೋಗ್ಬಿಡತ್ತೆ ಅಂತಾರಲ್ಲ."

"ಅದು ಕರೆಂಟು ಕಣೇ. ಸತ್ತು ಹೋಗ್ತಿದ್ದೆ. ಆ ಮರದ ಮಣೆ ಇಲ್ದೇ ಹೋಗಿದ್ರೆ ಮೊದಲನೇ ದಿನಾನೇ ಹೋಗ್ತಿದ್ದೆ." ಸಿಟ್ಟಿನಲ್ಲಿ ಅವನ ದನಿ ಒಡೆಯಿತು. "ವೈರ್‌ಮನ್ ಹೆಂಡ್ತಿಯಾಗಿ ನಿನಗೆ ಶಾಕ್ ಅಂತ ಗೊತ್ತಾಗ್ಲಿಲ್ವಾ?"

"ನಿಮ್ಮನೇಲಿ ನನಗೆ ಯಾವತ್ತು ಶಾಕ್ ಹೊಡೆದಿತ್ತು, ಹೇಗಿರತ್ತೆ ಅಂತ ಗೊತ್ತಾಗೋಕೆ?"

ಅವನು ಅವಳ ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗೃಹಪ್ರವೇಶದ ಹಿಂದಿನ ಸಂಜೆ, ಸಾಲದೆ ಬಂದ ವೈರು, ತಿರುಚಿದ ಎರಡು ತುಂಡು, ಐದು ಸುತ್ತಿನ ಟೇಪು. ಎರಡು ತಿಂಗಳಿಂದ ಗೋಡೆ ಅಳೆದದ್ದು, ಫ್ಯೂಸು ಕೀಳಬೇಕೆಂದು ದಿನಾ ಎದ್ದು ದಿನಾ ಸುಮ್ಮನಾದದ್ದು. ಹೇಳುತ್ತ ಹೋದಂತೆ ಅವನ ದನಿ ಸಣ್ಣದಾಯಿತು. ಅವಳು ಬೈಯುತ್ತಾಳೆಂದು ಕಾದ. ಬೈದರೆ ಚೆನ್ನಾಗಿತ್ತು.

ಬಸವರಾಜೇಶ್ವರಿ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡಳು.

"ಹಾಗಾದ್ರೆ ನಿಮಗೆ ಕಾಯಿಲೆ ಏನೂ ಇಲ್ವಾ?" ಎಂದು ಕೇಳಿದಳು ಕೊನೆಗೆ.

"ನನಗೆಂಥ ಕಾಯಿಲೆ?"

"ಊಟ ಬಿಟ್ರಿ, ನಿದ್ದೆ ಬಿಟ್ರಿ, ಕೇಳಿದ್ರೆ ಗದರಿದ್ರಿ. ಏನೋ ದೊಡ್ಡ ಕಾಯಿಲೆ ನನ್ನಿಂದ ಮುಚ್ಚಿಡ್ತಿದೀರಿ ಅಂದ್ಕೊಂಡೆ. ಕೈಲಿ ಝುಮ್ ಅಂದಾಗೆಲ್ಲ ನಿಮಗೆ ಆಯಸ್ಸು ಕೊಡಪ್ಪ ಅಂತ ಕೇಳ್ಕೊತಿದ್ದೆ." ಅವಳು ತಲೆಯೆತ್ತಲಿಲ್ಲ. "ಮೊದಮೊದಲು ಭಯ ಆಗಿ ಕೈ ಬಿಟ್ಬಿಡ್ತಿದ್ದೆ. ನೀವು ಸೊರಗ್ತಾ ಹೋದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ಹಿಡ್ಕೊಂಡೆ ಕಣ್ರೀ."

ಹೊರಗೆ ಮೋಟಾರ್ ಇನ್ನೂ ಓಡುತ್ತಿತ್ತು, ನಿಲ್ಲಿಸಲು ಇಬ್ಬರೂ ಏಳಲಿಲ್ಲ. ಸೋಮಲಿಂಗಪ್ಪನಿಗೆ ಅವಳ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು. ಫ್ಯೂಸು ಅವನ ಜೇಬಿನಲ್ಲಿತ್ತು, ಆ ಗೋಡೆಯಲ್ಲಿ ಈಗ ಕರೆಂಟಿರಲಿಲ್ಲ. ಆದರೂ ಅವಳನ್ನು ಮುಟ್ಟಲು ಅವನಿಗೆ ಭಯವಾಯಿತು.